ಮಗುವಿನ ಕಣ್ಣಿನ ಗಡ್ಡೆ, ಕೀಮೋ ಮತ್ತು ರೋಗನಿರೋಧಕ ಶಕ್ತಿ

 

ಕೆಲವು ವಾರಗಳ ಹಿಂದೆ ಜುಮಾ ನಮಾಝ್ ಮುಗಿದು ಜನ ಹೊರಡುತ್ತಿದ್ದಾಗ ಒಬ್ಬ ಯುವ ತಂದೆ ಬಂದು ನಮ್ಮ ಬಳಿ ಕುಳಿತರು. ಅವರ ಎರಡು ವರ್ಷದ ಮಗಳ ಎಡಗಣ್ಣಿನಲ್ಲಿ ಗಡ್ಡೆ ಇದೆ. ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದೆ. ಎರಡು ಸುತ್ತು ಕೀಮೋ ಆಗಿದೆ.

"ಹಜರತ್, ಗಡ್ಡೆ ಸಣ್ಣದಾಗಿದೆ ಅಂತ ಡಾಕ್ಟರ್ ಹೇಳಿದ್ರು. ಆದ್ರೆ ಮನೇಲಿ ದೊಡ್ಡವರು ಕೀಮೋ ಸಾಕು ಅಂತಾರೆ. ಅದು ಮಗುವಿನ ಇಮ್ಯೂನಿಟೀನೇ ಕೊಂದುಬಿಡುತ್ತಂತೆ. ಕಲೋಂಜಿ ಎಣ್ಣೆ, ಜೇನು ಕೊಟ್ಟು ಶಕ್ತಿ ಹೆಚ್ಚಿಸಿದ್ರೆ ಉಳಿದದ್ದನ್ನ ಮೈಯೇ ಗುಣ ಮಾಡ್ಕೊಳ್ಳುತ್ತಂತೆ. ನೀವೇನಂತೀರಿ?" ಎಂದು ಕೇಳಿದರು.

"ನೋಡಪ್ಪಾ, ಮುಂದಿನ ಸುತ್ತಿನ ತಾರೀಕು ತಪ್ಪಿಸಬೇಡ. ಉಳಿದ ಮಾತು ಆಮೇಲೆ" ಎಂದಷ್ಟೇ ಆ ದಿನ ಹೇಳಿದೆವು. ನಾವು ಮದ್ರಸಾದಲ್ಲಿ ಓದಿ ಬಿ.ಎ. ಮಾಡಿದವರು, ವೈದ್ಯರಲ್ಲ. ಆದ್ದರಿಂದ ಬಲ್ಲವರನ್ನು ಕೇಳಿ, ಓದಿ, ಮುಂದಿನ ಜುಮಾದಂದು ಖುತ್ಬಾಕ್ಕೆ ಮೊದಲಿನ ಕನ್ನಡ ಭಾಷಣದಲ್ಲಿ ಈ ವಿಷಯವನ್ನೇ ಎತ್ತಿಕೊಂಡೆವು. ಅದರ ಸಾರಾಂಶವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇವೆ.

ಆ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೀಮೋದಿಂದ ಮಗುವಿನ ರಕ್ತದಲ್ಲಿರುವ ರೋಗನಿರೋಧಕ ಶಕ್ತಿ ಕೆಲವು ದಿನ ಕುಗ್ಗುವುದು ನಿಜ. ಆದರೆ ಕಣ್ಣಿನೊಳಗಿನ ಗಡ್ಡೆಯ ವಿರುದ್ಧ ಆ ಶಕ್ತಿ ಮೊದಲಿನಿಂದಲೂ ಹೋರಾಡುತ್ತಿತ್ತು, ಕೀಮೋ ಬಂದು ಅದನ್ನು ಹಾಳುಮಾಡಿತು ಎಂಬುದು ನಿಜವಲ್ಲ. ಈ ವ್ಯತ್ಯಾಸ ತಿಳಿಯದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಗುವಿನ ಜೀವಕ್ಕೇ ಅಪಾಯ.

ಈ ರೋಗ ಯಾವುದು?

ಇದರ ಹೆಸರು ರೆಟಿನೋಬ್ಲಾಸ್ಟೋಮಾ. ಕಣ್ಣಿನ ಹಿಂಭಾಗದಲ್ಲಿ, ಬೆಳಕನ್ನು ಗ್ರಹಿಸುವ ತೆಳುವಾದ ಪದರವನ್ನು ಅಕ್ಷಿಪಟಲ ಅಥವಾ ರೆಟಿನಾ ಎನ್ನುತ್ತಾರೆ. ಅಲ್ಲಿ ಇನ್ನೂ ಬೆಳೆಯುತ್ತಿರುವ ಜೀವಕೋಶಗಳಿಂದ ಈ ಗಡ್ಡೆ ಹುಟ್ಟುತ್ತದೆ. ಮಕ್ಕಳ ಕಣ್ಣಿನೊಳಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು. ಸುಮಾರು 16ರಿಂದ 18 ಸಾವಿರ ಹುಟ್ಟುಗಳಲ್ಲಿ ಒಂದು ಮಗುವಿಗೆ ಬರುತ್ತದೆ. ಹೆಚ್ಚಿನವು 5 ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತವೆ. ಹುಟ್ಟುಗಳ ಸಂಖ್ಯೆ ದೊಡ್ಡದಾದ್ದರಿಂದ ಜಗತ್ತಿನಲ್ಲಿ ಅತಿ ಹೆಚ್ಚು ಇಂಥ ಮಕ್ಕಳಿರುವ ದೇಶಗಳಲ್ಲಿ ನಮ್ಮ ಭಾರತವೂ ಒಂದು.

ನಮ್ಮ ಪ್ರತಿ ಜೀವಕೋಶದಲ್ಲಿ ಆರ್‌ಬಿ1 ಎಂಬ ಜೀನಿನ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಜೀವಕೋಶ ಮಿತಿಮೀರಿ ಒಡೆದು ಹೆಚ್ಚದಂತೆ ತಡೆಯುವುದು ಅದರ ಕೆಲಸ. ಎರಡೂ ಪ್ರತಿಗಳು ಕೆಟ್ಟಾಗ ಕಡಿವಾಣ ಹೋಗುತ್ತದೆ. ಅಮೆರಿಕದ ಆಲ್ಫ್ರೆಡ್ ನಡ್ಸನ್ ಎಂಬ ವೈದ್ಯರು 1971ರಲ್ಲಿ ಈ ಎರಡು ಪೆಟ್ಟಿನ ಸಿದ್ಧಾಂತವನ್ನು ಮುಂದಿಟ್ಟದ್ದು ಇದೇ ರೋಗದ ಮಕ್ಕಳ ವಿವರಗಳನ್ನು ನೋಡಿ. ಆ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ.

ನೂರು ಮಕ್ಕಳಲ್ಲಿ ಸುಮಾರು 40 ಮಕ್ಕಳಿಗೆ ಮೊದಲ ಪೆಟ್ಟು ಹುಟ್ಟುವಾಗಲೇ ಮೈಯ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ. ಇಂಥವರಿಗೆ ಎರಡೂ ಕಣ್ಣಿಗೆ ಬರುವುದು ಹೆಚ್ಚು. ಅವರಲ್ಲೂ ಅನೇಕರ ತಂದೆ ತಾಯಿಗೆ ಈ ದೋಷವಿರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಬಂದಿರುತ್ತದೆ. ಆದ್ದರಿಂದ ಸೊಸೆಯ ಕಡೆ ಬೆರಳು ತೋರಿಸುವುದು, ಗ್ರಹಣದ ಮಾತಾಡುವುದು, ಬಸುರಿಯಲ್ಲಿ ಏನು ತಿಂದಳೆಂದು ಕೆದಕುವುದು ಅನ್ಯಾಯ. ಅದರ ಬದಲು ಮಗುವಿನ ಅಣ್ಣ, ಅಕ್ಕ, ತಮ್ಮ, ತಂಗಿಯರ ಕಣ್ಣನ್ನೂ ಪರೀಕ್ಷೆ ಮಾಡಿಸಬೇಕು.

ಕಣ್ಣಿನೊಳಗೆ ಸೈನ್ಯಕ್ಕೆ ಏಕೆ ಪ್ರವೇಶವಿಲ್ಲ?

ನಮ್ಮ ರಕ್ತದ ಬಿಳಿ ಕಣಗಳು ಮೈಯ ಸೈನ್ಯ. ಸೋಂಕು ಬಂದ ಕಡೆ ಅವು ನುಗ್ಗುತ್ತವೆ. ಅಲ್ಲಿ ಊತ, ಕೆಂಪು, ಬಿಸಿ ಬರುತ್ತದೆ. ಕೈಗೋ ಕಾಲಿಗೋ ಊತ ಬಂದರೆ ನಾಲ್ಕು ದಿನದಲ್ಲಿ ಇಳಿದೀತು. ಕಣ್ಣಿನೊಳಗೆ ಹಾಗಾದರೆ? ಅಕ್ಷಿಪಟಲದ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಯುದ್ಧ ಗೆದ್ದರೂ ದೃಷ್ಟಿ ಹೋಗುತ್ತದೆ.

ಆದ್ದರಿಂದ ಅಲ್ಲಾಹನು ಕಣ್ಣನ್ನು ಆ ಗದ್ದಲದಿಂದ ದೂರವಿಟ್ಟು ರಚಿಸಿದ್ದಾನೆ. ಅಕ್ಷಿಪಟಲದ ರಕ್ತನಾಳಗಳ ಗೋಡೆ ಬಹಳ ಬಿಗಿಯಾದದ್ದು, ರಕ್ತದಲ್ಲಿರುವ ಎಲ್ಲವೂ ಒಳಗೆ ಸೋರಲಾರವು. ಕಣ್ಣಿನೊಳಗಿನ ದ್ರವದಲ್ಲಿ ಬಿಳಿ ಕಣಗಳ ಆವೇಶವನ್ನು ಇಳಿಸುವ ರಾಸಾಯನಿಕಗಳಿವೆ. ಉದ್ರೇಕಗೊಂಡು ಬಂದ ಬಿಳಿ ಕಣ ಅಲ್ಲಿಯೇ ಸಾಯುವಂತೆ ಮಾಡುವ ಗುರುತುಗಳು ಕಣ್ಣಿನ ಜೀವಕೋಶಗಳ ಮೇಲಿವೆ. ಇಂಗ್ಲೆಂಡಿನ ವಿಜ್ಞಾನಿ ಪೀಟರ್ ಮೆದಾವರ್ 1940ರ ದಶಕದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದರು. ಬೇರೆ ಪ್ರಾಣಿಯ ಚರ್ಮದ ತುಣುಕನ್ನು ಮೈಮೇಲೆ ಕಸಿ ಮಾಡಿದರೆ ಮೈ ಅದನ್ನು ತಿರಸ್ಕರಿಸುತ್ತಿತ್ತು. ಕಣ್ಣಿನ ಮುಂಭಾಗದೊಳಗೆ ಇಟ್ಟರೆ ಅದು ಹೆಚ್ಚು ಕಾಲ ಬದುಕುತ್ತಿತ್ತು. ರೋಗನಿರೋಧಕ ವ್ಯವಸ್ಥೆಯ ಅಧ್ಯಯನಕ್ಕಾಗಿ ಅವರಿಗೆ 1960ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಕಣ್ಣಿನ ಈ ವಿಶೇಷ ರಕ್ಷಣೆಯಿಂದಲೇ ನಾವು ಜೀವಮಾನವಿಡೀ ನೋಡುತ್ತಿದ್ದೇವೆ.

ಆದರೆ ಗಡ್ಡೆ ಹುಟ್ಟುವುದೂ ಇದೇ ಶಾಂತ ಮೊಹಲ್ಲಾದಲ್ಲಿ. ಸೈನ್ಯ ಬಾರದ ಬೀದಿಯಲ್ಲಿ ಕಳ್ಳ ಮನೆ ಕಟ್ಟಿದ ಹಾಗೆ. ಅದರ ಮೇಲೆ ಈ ಗಡ್ಡೆಗೆ ಇನ್ನೂ ಎರಡು ಅನುಕೂಲಗಳಿವೆ. ಮೊದಲನೆಯದು, ದೊಡ್ಡವರ ಅನೇಕ ಕ್ಯಾನ್ಸರ್‌ಗಳಿಗೆ ಹೋಲಿಸಿದರೆ ಇದರ ಜೀನ್‌ಗಳಲ್ಲಿ ಬದಲಾವಣೆಗಳು ಬಹಳ ಕಡಿಮೆ. ಬದಲಾವಣೆ ಹೆಚ್ಚಿದ್ದರೆ ಬಿಳಿ ಕಣಗಳು ಅದನ್ನು ಪರಕೀಯ ಎಂದು ಗುರುತಿಸುವ ಸಾಧ್ಯತೆ ಹೆಚ್ಚು. ಇಲ್ಲಿ ಕಳ್ಳನ ಮುಖ ಮನೆಯವರ ಮುಖದಂತೆಯೇ ಇದೆ. ಎರಡನೆಯದು, ಅಕ್ಷಿಪಟಲದಲ್ಲೇ ಇರುವ ಕಾವಲು ಕಣಗಳು ಮತ್ತು ಗಡ್ಡೆಯೊಳಗೆ ಬರುವ, ಕಸ ತಿನ್ನುವ ದೊಡ್ಡ ಕಣಗಳು ಗಡ್ಡೆಯ ಪ್ರಭಾವಕ್ಕೆ ಸಿಕ್ಕಿ ಹೋರಾಡುವ ಬದಲು ಅದರ ಬೆಳವಣಿಗೆಗೇ ನೆರವಾಗಬಲ್ಲವು. ಗಡ್ಡೆಯ ಸುತ್ತಲಿನ ಈ ಎಲ್ಲ ಕಣಗಳು ಮತ್ತು ರಾಸಾಯನಿಕಗಳು ಸೇರಿದ್ದನ್ನೇ ವೈದ್ಯರು ಗಡ್ಡೆಯ ರೋಗನಿರೋಧಕ ಪರಿಸರ ಎನ್ನುತ್ತಾರೆ.

ಈಗ ಆ ಹಿರಿಯರ ಸಲಹೆಗೆ ಬರೋಣ. ರಕ್ತದಲ್ಲಿ ಶಕ್ತಿ ಎಷ್ಟೇ ಹೆಚ್ಚಿದರೂ, ಬಾಗಿಲೇ ಮುಚ್ಚಿರುವ ಮನೆಯೊಳಗೆ ಅದು ಮಾಡುವುದೇನು? ಗಡ್ಡೆ ಹುಟ್ಟಿ ಬೆಳೆದದ್ದು ಮಗು ಆರೋಗ್ಯವಾಗಿ ಆಡಿಕೊಂಡಿದ್ದ ದಿನಗಳಲ್ಲೇ, ಅದರ ಶಕ್ತಿ ಪೂರ್ತಿ ಇದ್ದಾಗಲೇ ಅಲ್ಲವೇ?

ಕೀಮೋ ಗಡ್ಡೆಯ ಸುತ್ತ ಏನು ಮಾಡುತ್ತದೆ?

ಈ ರೋಗಕ್ಕೆ ರಕ್ತನಾಳದ ಮೂಲಕ ಸಾಮಾನ್ಯವಾಗಿ ಕೊಡುವುದು ವಿನ್‌ಕ್ರಿಸ್ಟಿನ್, ಎಟೊಪೊಸೈಡ್, ಕಾರ್ಬೊಪ್ಲಾಟಿನ್ ಎಂಬ ಮೂರು ಔಷಧಿಗಳನ್ನು. ಮೂರು ನಾಲ್ಕು ವಾರಕ್ಕೊಮ್ಮೆ, ಸಾಮಾನ್ಯವಾಗಿ 6 ಸುತ್ತು. ಗಿಡಮೂಲಿಕೆ ಮಾತ್ರ ಒಳ್ಳೆಯದು ಎನ್ನುವವರು ಒಂದು ವಿಷಯ ತಿಳಿಯಲಿ. ವಿನ್‌ಕ್ರಿಸ್ಟಿನ್ ದೊರೆಯುವುದು ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಆದರೆ ಆ ಗಿಡ ವಿಷ, ಅದನ್ನು ಯಾರೂ ಅರೆದು ಕುಡಿಸಬಾರದು. ಅದರಿಂದ ಒಂದು ಅಂಶವನ್ನು ಬೇರ್ಪಡಿಸಿ, ಮಗುವಿನ ತೂಕಕ್ಕೆ ತಕ್ಕಂತೆ ಅಳೆದು ಕೊಟ್ಟಾಗ ಮಾತ್ರ ಅದು ಔಷಧಿ.

ವೇಗವಾಗಿ ಒಡೆದು ಹೆಚ್ಚುವ ಜೀವಕೋಶಗಳನ್ನು ಈ ಔಷಧಿಗಳು ಕೊಲ್ಲುತ್ತವೆ. ಗಡ್ಡೆಯ ಕೋಶಗಳು ರಾಶಿರಾಶಿಯಾಗಿ ಸಾಯುತ್ತವೆ. ಆಗ ಗಡ್ಡೆಯ ಮೊಹಲ್ಲಾದಲ್ಲಿ ಹಲವು ಬದಲಾವಣೆಗಳಾಗುತ್ತವೆ. ಸತ್ತ ಕೋಶಗಳನ್ನು ತಿಂದು ತೆಗೆಯಲು ಕಸ ತಿನ್ನುವ ಕಣಗಳು ಬರುತ್ತವೆ. ಗಡ್ಡೆ ಇದ್ದ ಜಾಗದಲ್ಲಿ ಸುಣ್ಣದ ಅಂಶ ಗಟ್ಟಿಯಾಗಿ ಕೂರುತ್ತದೆ, ಗಾಯ ಒಣಗಿದ ಕಲೆಯಂಥ ಅಂಗಾಂಶ ಬೆಳೆಯುತ್ತದೆ. ಡಾಕ್ಟರ್ ಪರೀಕ್ಷಿಸಿದಾಗ ಬಿಳಿ ಗಿಣ್ಣಿನ ತುಂಡಿನಂತೆ ಕಾಣುವುದು ಇದೇ. ಕ್ಯಾನ್ಸರ್ ಕೋಶಗಳು ಸಾಯುವಾಗ ಅವುಗಳೊಳಗೆ ಅಡಗಿದ್ದ ವಸ್ತುಗಳು ಹೊರಬಿದ್ದು ಬಿಳಿ ಕಣಗಳಿಗೆ ಸುಳಿವು ಕೊಡುವುದೂ ಉಂಟು. ಎಲ್ಲ ಕೀಮೋ ಔಷಧಿಗಳೂ ಇದನ್ನು ಒಂದೇ ಪ್ರಮಾಣದಲ್ಲಿ ಮಾಡುವುದಿಲ್ಲ.

ಹಾಗಾದರೆ ಕೀಮೋ ಬಾಗಿಲು ತೆರೆದ ಮೇಲೆ ಉಳಿದ ಕೆಲಸವನ್ನು ಬಿಳಿ ಕಣಗಳಿಗೆ ಬಿಡಬಹುದೇ? ಬಿಡಲಾಗದು. ಕಸ ತಿನ್ನಲು ಬಂದ ಕಣಗಳ ಕೆಲಸ ಹೆಚ್ಚಾಗಿ ಶುಚಿ ಮಾಡುವುದು, ಗಾಯ ಮಾಗಿಸುವುದು. ಗಾಯ ಮಾಗಿಸುವ ಕಣ ಊತವನ್ನು ತಣಿಸುತ್ತದೆ, ಸೈನ್ಯವನ್ನು ಕರೆಯುವುದಿಲ್ಲ. ಇತ್ತ ಕೀಮೋದಿಂದ ರಕ್ತದಲ್ಲಿ ಸೈನಿಕರ ಸಂಖ್ಯೆಯೇ ಇಳಿದಿರುತ್ತದೆ. ಇದರ ನಡುವೆ ಬದುಕುಳಿದ ಗಡ್ಡೆಯ ಕೋಶಗಳು ಸಾಮಾನ್ಯವಾದವಲ್ಲ. ಕೆಲವು ಒಡೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತವೆ. ಕೆಲವು ಔಷಧಿಯನ್ನು ಹೊರಗೆ ತಳ್ಳುವ ಪಂಪಿನಂಥ ಪ್ರೋಟೀನನ್ನು ಹೆಚ್ಚಿಸಿಕೊಳ್ಳುತ್ತವೆ. ಇನ್ನು ಕೆಲವು ಗಡ್ಡೆಯಿಂದ ಬೇರ್ಪಟ್ಟು ಕಣ್ಣಿನ ಮಧ್ಯದ ಲೋಳೆಯಲ್ಲಿ ಬೀಜಗಳಂತೆ ತೇಲುತ್ತವೆ. ಆ ಲೋಳೆಯಲ್ಲಿ ರಕ್ತನಾಳಗಳೇ ಇಲ್ಲ, ಅಲ್ಲಿಗೆ ಔಷಧಿಯೂ ಸರಿಯಾಗಿ ತಲುಪದು, ಬಿಳಿ ಕಣವೂ ತಲುಪದು. ಇದಕ್ಕಾಗಿಯೇ ಕೆಲವು ಮಕ್ಕಳಿಗೆ ಕಣ್ಣಿಗೆ ಹೋಗುವ ರಕ್ತನಾಳದಲ್ಲಿ ಸಣ್ಣ ಕೊಳವೆ ಹಾಯಿಸಿ ಅಲ್ಲಿಗೇ ಔಷಧಿ ಬಿಡುತ್ತಾರೆ. ತೇಲುವ ಬೀಜಗಳಿಗೆ ಕಣ್ಣಿನ ಲೋಳೆಯೊಳಗೇ ಅತಿ ಸಣ್ಣ ಸೂಜಿಯಿಂದ ಮೆಲ್ಫಲಾನ್ ಔಷಧಿ ಕೊಡುತ್ತಾರೆ. ಉಳಿದ ತುಣುಕುಗಳನ್ನು ಲೇಸರ್‌ನಿಂದ ಸುಡುತ್ತಾರೆ, ಇಲ್ಲವೇ ಹೆಪ್ಪುಗಟ್ಟಿಸಿ ಕೊಲ್ಲುತ್ತಾರೆ.

ಎರಡು ಸುತ್ತಿನ ನಂತರ ಗಡ್ಡೆ ಕುಗ್ಗಿತೆಂದರೆ ಶತ್ರು ಸತ್ತನೆಂದಲ್ಲ. ಸುಲಭವಾಗಿ ಸಾಯುವವು ಸತ್ತಿವೆ, ಗಟ್ಟಿಯಾದವು ಉಳಿದಿರಬಹುದು ಎಂದು ಅರ್ಥ. ಅರ್ಧಕ್ಕೆ ನಿಲ್ಲಿಸಿದರೆ ಆ ಗಟ್ಟಿಯಾದವುಗಳಿಗೇ ಹೊಲ ಬಿಟ್ಟುಕೊಟ್ಟಂತೆ.

ವಿಜ್ಞಾನಿಗಳು ಇದನ್ನು ತಿಳಿದದ್ದು ಹೇಗೆ?

ಬೇರೆ ಗಡ್ಡೆಗಳಾದರೆ ಸೂಜಿ ಹಾಕಿ ತುಣುಕು ತೆಗೆದು ನೋಡುತ್ತಾರೆ. ಇಲ್ಲಿ ಹಾಗೆ ಮಾಡುವುದಿಲ್ಲ, ಏಕೆಂದರೆ ಸೂಜಿಯ ದಾರಿಯಲ್ಲೇ ಕ್ಯಾನ್ಸರ್ ಕಣ್ಣಿನಿಂದ ಹೊರಗೆ ಹರಡಬಹುದು. ಆದ್ದರಿಂದ ಪರೀಕ್ಷೆಗೆ ಸಿಗುವುದು ಜೀವ ಉಳಿಸಲು ತೆಗೆಯಬೇಕಾಗಿ ಬಂದ ಕಣ್ಣುಗಳು. ಕೀಮೋ ಕೊಡದೆ ತೆಗೆದ ಕಣ್ಣುಗಳನ್ನೂ ಕೀಮೋದ ನಂತರ ತೆಗೆದ ಕಣ್ಣುಗಳನ್ನೂ ಹೋಲಿಸಿ, ಯಾವ ಕಣಗಳು ಹೆಚ್ಚಿವೆ, ಯಾವುವು ಕಡಿಮೆಯಾಗಿವೆ ಎಂದು ಎಣಿಸುತ್ತಾರೆ.

ಆದರೆ ಈ ಹೋಲಿಕೆಯನ್ನು ಎಚ್ಚರದಿಂದ ಓದಬೇಕು. ಕೀಮೋ ಗೆದ್ದ ಕಣ್ಣುಗಳು ಮಕ್ಕಳ ಮುಖದಲ್ಲೇ ಉಳಿಯುತ್ತವೆ, ಪ್ರಯೋಗಾಲಯಕ್ಕೆ ಬರುವುದಿಲ್ಲ. ಅಲ್ಲಿಗೆ ಬರುವವು ಬಹುಮಟ್ಟಿಗೆ ಕೀಮೋಗೆ ಬಗ್ಗದ ಕಣ್ಣುಗಳು. ಅವುಗಳನ್ನು ಮಾತ್ರ ನೋಡಿ "ಕೀಮೋ ಕೊಟ್ಟರೆ ಹೀಗೇ ಆಗುತ್ತದೆ" ಎಂದು ಎಲ್ಲ ಮಕ್ಕಳಿಗೂ ಹೇಳಿದರೆ, ನಪಾಸಾದ ವಿದ್ಯಾರ್ಥಿಗಳ ಉತ್ತರ ಪತ್ರಿಕೆ ಮಾತ್ರ ನೋಡಿ ಶಾಲೆಯನ್ನು ಅಳೆದ ಹಾಗೆ. ಮೊಬೈಲಿನಲ್ಲಿ "ಕೀಮೋ ರೋಗನಿರೋಧಕ ಶಕ್ತಿಯನ್ನು ನಾಶ ಮಾಡುತ್ತದೆಂದು ಸಂಶೋಧನೆ ಹೇಳಿದೆ" ಎಂಬ ಸಂದೇಶ ಬಂದರೆ ಇದನ್ನು ನೆನಪಿಡಿ. ಪರಿಶೀಲಿಸದೆ ಸುದ್ದಿ ಹರಡಬಾರದೆಂಬುದು ನಮಗೆ ಹೊಸ ಪಾಠವೇನಲ್ಲ.

ಈ ಅಧ್ಯಯನಗಳ ಉದ್ದೇಶವೇ ಬೇರೆ. ಬಿಳಿ ಕಣಗಳನ್ನು ಕಣ್ಣಿನೊಳಗೆ ಸರಿಯಾದ ಗುರಿಗೆ ಕಳಿಸಲು ಸಾಧ್ಯವೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಈ ಗಡ್ಡೆಯ ಕೋಶಗಳ ಮೇಲೆ ಜಿಡಿ2 ಎಂಬ ಗುರುತು ಇರುತ್ತದೆ. ಆ ಗುರುತನ್ನು ಹಿಡಿಯುವಂತೆ ತಯಾರು ಮಾಡಿದ ಬಿಳಿ ಕಣಗಳನ್ನು ಜೆಲ್‌ನಲ್ಲಿ ಬೆರೆಸಿ ಇಲಿಗಳ ಕಣ್ಣಿಗೆ ಚುಚ್ಚಿದಾಗ ಗಡ್ಡೆ ಹತೋಟಿಗೆ ಬಂತೆಂದು ಅಮೆರಿಕದ ತಂಡವೊಂದು 2020ರಲ್ಲಿ ಪ್ರಕಟಿಸಿತು. ಅದು ಇಲಿಗಳ ಮೇಲಿನ ಪ್ರಯೋಗ. ಮುಂದೊಂದು ದಿನ ಮಕ್ಕಳಿಗೂ ಉಪಯೋಗವಾಗಲಿ ಎಂದು ಹಾರೈಸೋಣ. ಕಣ್ಣಿನೊಳಗೆ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಲು ಇಷ್ಟೊಂದು ಕಷ್ಟಪಡಬೇಕಾದರೆ, ಒಂದು ಚಮಚ ಎಣ್ಣೆಯಿಂದ ಅದು ಆದೀತೆಂದು ನಂಬಿ ಕೂರುವುದು ಸರಿಯೇ?

ಕಲೋಂಜಿಯ ಬಗ್ಗೆ ಹದೀಸಿನಲ್ಲಿ ಬಂದಿರುವುದನ್ನು ನಾವು ಗೌರವಿಸುತ್ತೇವೆ. ಆದರೆ ಅದೇ ಪ್ರವಾದಿ(ಸ) ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದೂ ಕಲಿಸಿದ್ದಾರೆ. ಕೀಮೋ ನಡೆಯುವಾಗ ಯಾವ ಎಣ್ಣೆ, ಕಷಾಯ, ಪುಡಿಯನ್ನೂ ಡಾಕ್ಟರಿಗೆ ಹೇಳದೆ ಕೊಡಬೇಡಿ. ಕಣ್ಣಿಗೆ ಏನನ್ನೂ ಹಾಕಬೇಡಿ. ಒಂದು ವರ್ಷ ತುಂಬದ ಮಗುವಿಗೆ, ಆರೋಗ್ಯವಾಗಿದ್ದರೂ, ಜೇನು ನೆಕ್ಕಿಸಬಾರದು.

ಶಕ್ತಿ ಕುಗ್ಗುವ ದಿನಗಳಲ್ಲಿ ನಮ್ಮ ಕರ್ತವ್ಯ

ಹಿರಿಯರ ಮಾತಿನ ಇನ್ನರ್ಧ ಸತ್ಯಕ್ಕೆ ಬರೋಣ. ಬಿಳಿ ಕಣಗಳು ಹುಟ್ಟುವ ಮೂಳೆಯ ಮಜ್ಜೆಯಲ್ಲೂ ಕೋಶಗಳು ವೇಗವಾಗಿ ಒಡೆಯುವುದರಿಂದ ಕೀಮೋದ ಪೆಟ್ಟು ಅಲ್ಲಿಗೂ ತಗಲುತ್ತದೆ. ಕೀಮೋ ಕೊಟ್ಟ ಸುಮಾರು ಎರಡನೆಯ ವಾರದಲ್ಲಿ ಬಿಳಿ ಕಣಗಳು ಅತಿ ಕಡಿಮೆ ಇರುತ್ತವೆ. ಆಮೇಲೆ ಮತ್ತೆ ಏರುತ್ತವೆ. ಎರಡು ಸುತ್ತುಗಳ ನಡುವೆ ಮೂರು ನಾಲ್ಕು ವಾರ ಬಿಡುವುದು ಇದಕ್ಕೇ.

ಆ ದಿನಗಳಲ್ಲಿ ಮಗುವಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾಗಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ನೋಡೋಣ ಎನ್ನಬಾರದು. ಡಾಕ್ಟರನ್ನು ಕೇಳದೆ ಜ್ವರದ ಸಿರಪ್ ಕೊಟ್ಟು ಕೂರಬಾರದು, ಅದು ಜ್ವರವನ್ನು ಮರೆಮಾಡುತ್ತದೆ, ಸೋಂಕು ಒಳಗೆ ಬೆಳೆಯುತ್ತದೆ. ದಡಾರ ಲಸಿಕೆ, ಬಾಯಿಗೆ ಹಾಕುವ ಪೋಲಿಯೋ ಹನಿ ಇವುಗಳಲ್ಲಿ ಜೀವಂತ ರೋಗಾಣುಗಳಿರುತ್ತವೆ. ಕೀಮೋ ನಡೆಯುವಾಗ ಲಸಿಕೆಗಳ ಬಗ್ಗೆ ಮಗುವಿನ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. ಮನೆಯ ಬೇರೆ ಮಕ್ಕಳ ಲಸಿಕೆಯ ಬಗ್ಗೆಯೂ ಕೇಳಿ, ತಾವಾಗಿಯೇ ನಿಲ್ಲಿಸಬೇಡಿ.

ಇಲ್ಲಿ ನೆಂಟರಿಗೂ ಜಮಾಅತಿನವರಿಗೂ ಒಂದು ಮಾತು. ರೋಗಿಯನ್ನು ನೋಡಿ ಬರುವುದು ಪುಣ್ಯದ ಕೆಲಸ. ಆದರೆ ಕೀಮೋ ಆದ ಮಗುವಿನ ಮನೆಗೆ ಹತ್ತು ಜನ ಹೋಗಿ, ಕೆಮ್ಮುತ್ತಾ ಎತ್ತಿ ಮುದ್ದಾಡಿದರೆ ಆ ಭೇಟಿಯಿಂದಲೇ ಮಗುವಿಗೆ ಸೋಂಕು ಬರಬಹುದು. ಬಾಗಿಲಲ್ಲಿ ನಿಂತು ಸಲಾಂ ಹೇಳಿ, ದುಆ ಮಾಡಿ. ಬೆಂಗಳೂರಿಗೆ ಹೋಗಿಬರುವ ಬಸ್ಸಿನ ಖರ್ಚು, ದೊಡ್ಡ ಮಗುವಿಗೆ ಎರಡು ದಿನದ ಊಟ, ಬೇಕಾದಾಗ ರಕ್ತದಾನ, ಇವೂ ಇಯಾದತ್ತೇ ಆಗಿವೆ.

ತಡ ಮಾಡಬೇಡಿ

153 ದೇಶಗಳ 4,351 ಮಕ್ಕಳ ವಿವರ ಸೇರಿಸಿದ ಅಧ್ಯಯನವೊಂದಿದೆ. ಅವರೆಲ್ಲರ ರೋಗ ಪತ್ತೆಯಾದದ್ದು 2017ರಲ್ಲಿ. ಶ್ರೀಮಂತ ದೇಶಗಳಲ್ಲಿ ರೋಗ ಗೊತ್ತಾಗುವಾಗ ಮಗುವಿನ ಸರಾಸರಿ ವಯಸ್ಸು ಸುಮಾರು 14 ತಿಂಗಳು, ಬಡ ದೇಶಗಳಲ್ಲಿ ಸುಮಾರು 30 ತಿಂಗಳು. ಆ ಹೊತ್ತಿಗೆ ಗಡ್ಡೆ ಕಣ್ಣಿನಿಂದ ಹೊರಗೆ ಹರಡಿದ್ದವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ, ಬಡ ದೇಶಗಳಲ್ಲಿ ನೂರಕ್ಕೆ 49. ಕಣ್ಣಿನೊಳಗೆ ಇರುವಾಗಲೇ ಹಿಡಿದರೆ ಹೆಚ್ಚು ಕಡಿಮೆ ಎಲ್ಲ ಮಕ್ಕಳೂ ಬದುಕುತ್ತಾರೆ.

ಹಾಗಾಗಿ ಫೋಟೋದಲ್ಲಿ ಫ್ಲಾಶ್ ಬಿದ್ದಾಗ, ಅಥವಾ ಮಂದ ಬೆಳಕಿನಲ್ಲಿ, ಮಗುವಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ, ಅಥವಾ ಹೊಸದಾಗಿ ಮಾಲುಗಣ್ಣು ಕಂಡರೆ, ಅದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿ. ಬೆಳೆದ ಮೇಲೆ ಸರಿಹೋಗುತ್ತದೆ ಎಂದು ಕಾಯಬೇಡಿ. ಕೆಲವೊಮ್ಮೆ ಕಣ್ಣನ್ನೇ ತೆಗೆಯಬೇಕೆಂದು ಡಾಕ್ಟರ್ ಹೇಳಬಹುದು. ತಾಯಿಗೆ ಅದಕ್ಕಿಂತ ಕಠಿಣ ಮಾತಿಲ್ಲ. ಆದರೆ ಒಂದು ಕಣ್ಣಿನಿಂದ ಮಗು ಓದುತ್ತದೆ, ಆಡುತ್ತದೆ, ಬದುಕು ಕಟ್ಟಿಕೊಳ್ಳುತ್ತದೆ, ತೆಗೆದ ಜಾಗಕ್ಕೆ ಕೃತಕ ಕಣ್ಣು ಇಡುತ್ತಾರೆ. ಜೀವವೆಂಬ ಅಮಾನತ್ತನ್ನು ಉಳಿಸುವುದು ಮೊದಲು.

ಆ ಯುವ ತಂದೆ ಮೂರನೆಯ ಸುತ್ತಿಗೆ ಹೋಗಿಬಂದಿದ್ದಾರೆ. ಹತ್ತನೆಯ ದಿನ ಮಗುವಿಗೆ ಜ್ವರ ಬಂದಾಗ ಅದೇ ರಾತ್ರಿ ಆಸ್ಪತ್ರೆಗೆ ಓಡಿದರು. ಮಗಳು ಚೇತರಿಸಿಕೊಂಡಿದ್ದಾಳೆ, ಅಲ್‌ಹಮ್ದುಲಿಲ್ಲಾಹ್. ಇನ್ನೂ ಮೂರು ಸುತ್ತು ಉಳಿದಿದೆ. ಕೀಮೋ ಸಾಕು ಎಂದಿದ್ದ ಅಜ್ಜನೇ ಈಗ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕು ಗುರುತು ಹಾಕುತ್ತಾರಂತೆ. ಆ ಮಗುವಿಗೂ ಅಂಥ ಎಲ್ಲ ಮಕ್ಕಳಿಗೂ ಅಲ್ಲಾಹನು ಶಿಫಾ ನೀಡಲಿ, ಅವರ ತಂದೆ ತಾಯಿಗೆ ತಾಳ್ಮೆಯನ್ನು ಕೊಡಲಿ. ಆಮೀನ್.